ಕುರ್ಚಿಯಲ್ಲಿ ಅತ್ತೂರಿಗೆ

ಬಸ್ಸಿನ ಮೊದಲ ಮೆಟ್ಟಿಲು ನೆಲದಿಂದ ಇಷ್ಟೊಂದು ಎತ್ತರದಲ್ಲಿದೆ ಎಂಬುದು ಆ ದಿನದವರೆಗೆ ನನ್ನ ಗಮನಕ್ಕೆ ಬಂದಿರಲಿಲ್ಲ. ಜನವರಿ ಕೊನೆಯ ವಾರ, ಬೆಳಿಗ್ಗೆ ಆರೂವರೆ. ನಮ್ಮ ಇಗರ್ಜಿಯ ಅಂಗಳದಲ್ಲಿ ಮಿನಿ ಬಸ್ಸು ನಿಂತಿತ್ತು. ಸಭಾಭವನದಿಂದ ತಂದ ಕೆಂಪು ಪ್ಲಾಸ್ಟಿಕ್ ಕುರ್ಚಿಯಲ್ಲಿ ಬಾಯಿ ಕೂತಿದ್ದರು. ಬಿಳಿ ಸೀರೆ, ಹೆಗಲ ಮೇಲೆ ಮಡಚಿದ ಶಾಲು, ಬಲಗೈಗೆ ಎರಡು ಸುತ್ತು ಸುತ್ತಿಕೊಂಡ ಜಪಮಾಲೆ. ನಾಲ್ವರು ನಾಲ್ಕು ಕಾಲು ಹಿಡಿದು ಎತ್ತಿದೆವು. ಬಾಗಿಲ ಹತ್ತಿರ ಬಂದಾಗ ಅವರು ಕೂತಂತೆಯೇ ಕುರ್ಚಿ ಒಳಗೆ ಹಿಡಿಸುವುದಿಲ್ಲ ಎಂದು ತಿಳಿಯಿತು. ಕೆಳಗಿಳಿಸಿದೆವು. ಒಬ್ಬರು ಒಳಗಿನಿಂದ ಕಂಕುಳಿಗೆ ಕೈ ಕೊಟ್ಟರು, ಇಬ್ಬರು ಕೆಳಗಿನಿಂದ ಕಾಲು ಹಿಡಿದು ಮೆಟ್ಟಿಲ ಮೇಲಿಟ್ಟರು.

“ಮೆಲ್ಲ, ಪುತಾ. ನಾನು ತೆಂಗಿನಕಾಯಿಯ ಗೋಣಿ ಅಲ್ಲ” ಎಂದರು ಬಾಯಿ.

ಕರಾವಳಿಯ ಕೊಂಕಣಿ ಕ್ರೈಸ್ತರಲ್ಲಿ ಹಿರಿಯ ಹೆಂಗಸರನ್ನು ಬಾಯಿ ಎಂದೇ ಕರೆಯುವುದು. ಪುತಾ ಎಂದರೆ ಮಗನೇ ಎಂದು. ಬಾಯಿಗೆ ಸ್ವಂತ ಮಗ ಇದ್ದ; ಹದಿನಾಲ್ಕು ವರ್ಷದ ಹಿಂದೆ ತೀರಿಕೊಂಡ. ಸೊಂಟ ಬಿದ್ದು ಮೂರು ವರ್ಷವಾಗಿತ್ತು. ಆ ಮೂರು ವರ್ಷದಲ್ಲಿ ಅವರು ಬಯಲ ಆಚೆಯ ತಮ್ಮ ಹಂಚಿನ ಮನೆಯ ಹೊಸ್ತಿಲು ದಾಟಿದ್ದು ಎರಡೇ ಸಲ, ಎರಡೂ ಸಲ ಆಸ್ಪತ್ರೆಗೆ. ಕಾರ್ಕಳದ ಅತ್ತೂರಿನ ಇಗರ್ಜಿಗೆ ಹೋಗಬೇಕು ಎಂದು ಅವರು ಹೇಳಿದ್ದು ಹಿಂದಿನ ನವೆಂಬರ್‌ನಲ್ಲಿ, ನಾನೂ ನನ್ನ ಜೊತೆಗಾರರೂ ವಾರದ ಭೇಟಿಗೆ ಹೋಗಿದ್ದಾಗ. ಅಕ್ಕಿ ಬೇಕೇ, ಔಷಧಿ ಮುಗಿಯಿತೇ ಎಂದು ಕೇಳುತ್ತಿದ್ದೆವು. “ಅದೆಲ್ಲ ಉಂಟು. ಸಾಂತ್ ಲೊರೆಸಿಗೆ ಒಂದು ಹರಕೆ ಬಾಕಿ ಉಂಟು” ಎಂದರು. ಸಂತ ಲಾರೆನ್ಸರಿಗೆ ಅವರು ಹೇಳುವ ಹೆಸರು ಅದು.

ನಾವೆಂದರೆ ಸಂತ ವಿನ್ಸೆಂಟ್ ಪಾವ್ಲ್ ಸಭೆಯವರು. ಊರಿನ ಮಾತಿನಲ್ಲಿ ವಿಶೆಂತ್ ಪಾವ್ಲ್ ಸಭಾ. ಗುರುಗಳಲ್ಲ, ಕನ್ಯಾಸ್ತ್ರೀಯರಲ್ಲ, ಶಾಲೆ ಮೇಷ್ಟ್ರು, ನಿವೃತ್ತ ಬ್ಯಾಂಕಿನವರು, ಒಬ್ಬ ಎಲೆಕ್ಟ್ರಿಷಿಯನ್, ಟೈಲರಿಂಗ್ ಮಾಡುವ ಒಬ್ಬಾಕೆ, ಹೀಗೆ ಹನ್ನೊಂದು ಜನ. ವಾರಕ್ಕೊಮ್ಮೆ ಸೇರುತ್ತೇವೆ, ಇಬ್ಬಿಬ್ಬರಾಗಿ ಮನೆಗಳಿಗೆ ಹೋಗುತ್ತೇವೆ. ಸಭೆಯಲ್ಲಿ ಒಂದು ಬಟ್ಟೆಯ ಚೀಲ ಕೈಯಿಂದ ಕೈಗೆ ಬರುತ್ತದೆ. ಪ್ರತಿಯೊಬ್ಬರೂ ಮುಚ್ಚಿದ ಮುಷ್ಟಿಯನ್ನು ಒಳಗಿಟ್ಟು ತೆರೆದ ಕೈಯನ್ನು ಹೊರಗೆ ತೆಗೆಯುತ್ತಾರೆ. ಯಾರು ಎಷ್ಟು ಹಾಕಿದರು, ಯಾರು ಏನೂ ಹಾಕಲಿಲ್ಲ ಎಂದು ಯಾರಿಗೂ ತಿಳಿಯುವುದಿಲ್ಲ, ತಿಳಿಯಲೂ ಬಾರದು. ನಾನು ಸೇರಿದ ಹೊಸತರಲ್ಲಿ ಕೆಲಸವಿಲ್ಲದೆ ಮನೆಯಲ್ಲಿದ್ದೆ. ಅನೇಕ ವಾರ ಬರಿಗೈಯನ್ನೇ ಆ ಚೀಲದೊಳಗೆ ಇಟ್ಟಿದ್ದೇನೆ. ಬಟ್ಟೆಯ ಆ ಚೀಲ ನನ್ನ ಮಾನ ಉಳಿಸಿದ್ದನ್ನು ನಾನು ಮರೆಯಲಾರೆ.

ಈ ಸಭೆ ಹುಟ್ಟಿದ್ದು 1833ರ ಏಪ್ರಿಲ್ 23ರಂದು, ಪ್ಯಾರಿಸ್ಸಿನಲ್ಲಿ. ಹುಟ್ಟುಹಾಕಿದವರಲ್ಲಿ ಮುಂದಾಳು ಫ್ರೆಡರಿಕ್ ಓಝನಾಮ್. ಆ ದಿನ ಅವನಿಗೆ ಸರಿಯಾಗಿ ಇಪ್ಪತ್ತು ತುಂಬಿತ್ತು. ಕಾಲೇಜು ಹುಡುಗರ ಚರ್ಚಾಕೂಟದಲ್ಲಿ ಯಾರೋ ಸವಾಲು ಹಾಕಿದ್ದರು: ನಿಮ್ಮ ಧರ್ಮ ಹಿಂದೆ ದೊಡ್ಡ ಕೆಲಸ ಮಾಡಿದ್ದು ಸರಿ, ಈಗ ನೀವೇನು ಮಾಡುತ್ತಿದ್ದೀರಿ? ಉತ್ತರ ಹೊಳೆಯದ ಓಝನಾಮ್ ತನ್ನಲ್ಲಿ ಉಳಿದಿದ್ದ ಸೌದೆಯನ್ನು ಹೊತ್ತುಕೊಂಡು ಒಬ್ಬ ಬಡವನ ಮನೆಗೆ ಹೋದ ಎಂದು ನಮ್ಮ ಸಭೆಯಲ್ಲಿ ಹೇಳುತ್ತಾರೆ. ಯಾವ ಮನೆಗೆ ಹೋಗಬೇಕು, ಹೋಗಿ ಹೇಗೆ ಕೂತುಕೊಳ್ಳಬೇಕು, ಹೇಗೆ ಮಾತಾಡಬೇಕು ಎಂದು ಆ ಹುಡುಗರಿಗೆ ಕಲಿಸಿದವರು ರೊಸಾಲಿ ರಾಂದ್ಯು ಎಂಬ ಕನ್ಯಾಸ್ತ್ರೀ. ಓಝನಾಮ್ ಬದುಕಿದ್ದು ನಲವತ್ತೇ ವರ್ಷ. 1997ರಲ್ಲಿ ಎರಡನೆಯ ಜಾನ್ ಪಾಲ್ ಪೋಪರು ಅವನನ್ನು ಪುನೀತ ಎಂದು ಸಾರಿದರು. ನನಗೆ ಅವನ ಪ್ರತಿಮೆಗಿಂತ ಆ ಸೌದೆಯ ಹೊರೆಯೇ ಹೆಚ್ಚು ನೆನಪಿಗೆ ಬರುತ್ತದೆ.

ಬಸ್ಸು ಹೊರಟಿತು. ಒಂಬತ್ತು ಮಂದಿ ಅಸ್ವಸ್ಥರು, ನಾವು ಹನ್ನೊಂದು ಜನ, ಮಡಚಿಟ್ಟ ಎರಡು ಗಾಲಿಕುರ್ಚಿ, ಆ ಕೆಂಪು ಕುರ್ಚಿ, ಎರಡು ಕ್ಯಾನ್ ಕುಡಿಯುವ ನೀರು, ಬಾಳೆಎಲೆಯಲ್ಲಿ ಕಟ್ಟಿದ ಸಾನ್ನಾಂ ಎಂಬ ಅಕ್ಕಿಯ ಕಡುಬು. ಉಡುಪಿ ದಾಟಿ, ಉದ್ಯಾವರದ ಹೊಳೆ ದಾಟಿ, ಕಾಪು ದಾಟಿ ಪಡುಬಿದ್ರಿಯಲ್ಲಿ ಹೆದ್ದಾರಿ ಬಿಟ್ಟು ಮೂಡಣಕ್ಕೆ ತಿರುಗಿದೆವು. ಜಪಮಾಲೆ ನಡೆಯುತ್ತಿತ್ತು, ಕೊಂಕಣಿಯಲ್ಲಿ ಹತ್ತು ಮಣಿ, ಕನ್ನಡದಲ್ಲಿ ಹತ್ತು ಮಣಿ. ಬಾಯಿ ಎಲ್ಲರಿಗಿಂತ ಒಂದು ಉಸಿರು ಮುಂದೆ ಹೇಳುತ್ತಿದ್ದರು. ಬೆಳ್ಮಣ್ ಬಂದಾಗ ಜಪ ನಿಲ್ಲಿಸಿ ಕಿಟಕಿಗೆ ಮುಖವಿಟ್ಟು, “ಇಲ್ಲಿ ಇಷ್ಟು ಅಂಗಡಿ ಇರಲಿಲ್ಲ” ಎಂದರು. ಆಮೇಲೆ ಅತ್ತೂರಿನವರೆಗೂ ಕಿಟಕಿ ಬಿಡಲಿಲ್ಲ. ಕೊಯ್ಲಾದ ಗದ್ದೆ, ಹೂ ಬಿಡುತ್ತಿದ್ದ ಗೇರು, ರಬ್ಬರ್ ತೋಟ, ಶಾಲೆಗೆ ಹೊರಟ ಮಕ್ಕಳು. ಮೂರು ವರ್ಷ ಒಂದೇ ಗೋಡೆ ನೋಡಿದ ಕಣ್ಣಿಗೆ ಇದೆಲ್ಲ ಹೇಗೆ ಕಾಣುತ್ತಿತ್ತೋ. ಮಾತಾಡಿಸಲು ನನಗೆ ಧೈರ್ಯ ಬರಲಿಲ್ಲ.

ಕಾರ್ಕಳದ ಅತ್ತೂರು ಸಂತ ಲಾರೆನ್ಸರ ಜಾಗ. ಜನವರಿಯ ಕೊನೆಗೆ ಐದು ದಿನ ನಡೆಯುವ ವಾರ್ಷಿಕ ಮಹೋತ್ಸವವನ್ನು ಸುತ್ತಲ ಹಳ್ಳಿಗಳವರು ಸಾಂತ್‌ಮಾರಿ ಜಾತ್ರೆ ಎನ್ನುತ್ತಾರೆ. ಧರ್ಮಸಭೆಯ ಪಂಚಾಂಗದ ಪ್ರಕಾರ ಸಂತ ಲಾರೆನ್ಸರ ದಿನ ಆಗಸ್ಟ್ 10. ಆಗ ನಮ್ಮಲ್ಲಿ ಆಟಿಯ ಮಳೆ, ಗದ್ದೆಯ ಕೆಲಸ, ಕೆಸರಿನ ದಾರಿ; ಊರಿಗೆ ಊರೇ ಸೇರುವ ಹಬ್ಬಕ್ಕೆ ಜನವರಿಯ ಬಿಸಿಲೇ ಸರಿ. 2016ರಲ್ಲಿ ಈ ಪುಣ್ಯಕ್ಷೇತ್ರಕ್ಕೆ ಕಿರಿಯ ಬಸಿಲಿಕ ಎಂಬ ಪದವಿ ಬಂತು. ಪದವಿ ಬರುವ ಮೊದಲೂ ಜನ ಹೀಗೆಯೇ ಬರುತ್ತಿದ್ದರು.

ಅತ್ತೂರಿನ ಕಥೆ ಅಲೆದಾಟದ ಕಥೆ. ಇಲ್ಲಿನ ಮೊದಲ ಇಗರ್ಜಿ 1759ರದ್ದು, ಈಗಿನ ಜಾಗದಲ್ಲಲ್ಲ, ಹತ್ತಿರದಲ್ಲೇ ಬೇರೆ ಕಡೆ. 1784ರಲ್ಲಿ ಟಿಪ್ಪುವಿನ ಆಜ್ಞೆಯಂತೆ ಕರಾವಳಿಯ ಕ್ರೈಸ್ತರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ನಡೆಸಿಕೊಂಡು ಹೋದಾಗ ಆ ಇಗರ್ಜಿಯೂ ನೆಲಸಮವಾಯಿತು. ಹದಿನೈದು ವರ್ಷದ ಬಂದಿವಾಸ. ಘಟ್ಟ ಹತ್ತುವಾಗಲೇ ಸತ್ತವರೆಷ್ಟೋ. 1799ರಲ್ಲಿ ಬಿಡುಗಡೆಯಾಗಿ ಹಿಂತಿರುಗಿದವರಿಗೆ ಮನೆ ಇರಲಿಲ್ಲ, ಗದ್ದೆ ಇರಲಿಲ್ಲ, ಇಗರ್ಜಿ ಇರಲಿಲ್ಲ. ಉಳಿದದ್ದು ಒಂದಡಿ ಎತ್ತರದ, ಮರದ ಸಂತ ಲಾರೆನ್ಸರ ಪ್ರತಿಮೆ. ಅದನ್ನು ಹೊತ್ತುಕೊಂಡು ಇಗರ್ಜಿ ಕಟ್ಟಲು ಜಾಗ ಹುಡುಕುತ್ತ ಬಂದವರು ಗುಡ್ಡದ ಬುಡದಲ್ಲಿ ನೀರಿನ ಒರತೆ ಕಂಡು ದಣಿವಾರಿಸಿಕೊಳ್ಳಲು ಕೂತರಂತೆ. ಪ್ರತಿಮೆಯನ್ನು ನೆಲದ ಮೇಲಿಟ್ಟರಂತೆ. ಹೊರಡುವಾಗ ಎತ್ತಲು ಹೋದರೆ ಅದು ಕದಲಲಿಲ್ಲ. ಇಲ್ಲೇ ಇಗರ್ಜಿ ಕಟ್ಟುತ್ತೇವೆ ಎಂದು ಮಾತು ಕೊಟ್ಟ ಮೇಲಷ್ಟೇ ಕೈಗೆ ಬಂತು. 1801ರಲ್ಲಿ ಮುಳಿಹುಲ್ಲು ಹೊದಿಸಿದ ಇಗರ್ಜಿ ಎದ್ದಿತು. ಆ ಒರತೆಯೇ ಇಂದಿನ ಪುಷ್ಕರಿಣಿ.

ಈ ಕಥೆಯನ್ನು ನಾನು ಚಿಕ್ಕಂದಿನಿಂದ ಕೇಳಿದ್ದೇನೆ, ನಂಬಿದ್ದೇನೆ. ಪ್ರತಿಮೆ ಕದಲಲಿಲ್ಲ ಎನ್ನುವಲ್ಲಿ ಈಗ ನನ್ನ ಕಣ್ಣಿಗೆ ಬೇರೊಂದು ಚಿತ್ರವೂ ಬರುತ್ತದೆ: ಶ್ರೀರಂಗಪಟ್ಟಣದಿಂದ ನಡೆದು ನಡೆದು ಸೋತ ಜನ, ಇನ್ನು ಒಂದು ಹೆಜ್ಜೆಯೂ ಸಾಧ್ಯವಿಲ್ಲ ಎಂದು ನೀರಿನ ಪಕ್ಕ ಕೂತಿರುವುದು. ಸಂತರು ಅವರ ಮೇಲೆ ಕರುಣೆಯಿಂದ ತಾವೂ ಕೂತರು ಎಂದೇ ನನಗೆ ತೋರುತ್ತದೆ.

ಹಬ್ಬದ ಐದು ದಿನಗಳಲ್ಲಿ ಅಸ್ವಸ್ಥರಿಗಾಗಿ ವಿಶೇಷ ಬಲಿಪೂಜೆ ಇರುತ್ತದೆ. ನಾವು ಹೋದದ್ದು ಅದಕ್ಕೆ. ರಸ್ತೆಯ ಎರಡೂ ಬದಿ ಅಂಗಡಿ ಸಾಲು: ಬಳೆ, ಆಟಿಕೆ, ಪಾತ್ರೆ, ಬತ್ತಾಸು, ಚರುಮುರಿ, ಕಟ್ಟು ಕಟ್ಟು ಮೊಂಬತ್ತಿ. ತಲೆಯಲ್ಲಿ ಮಲ್ಲಿಗೆ ಮುಡಿದ ಹೆಂಗಸರು, ಮಕ್ಕಳನ್ನು ಹೆಗಲಿಗೇರಿಸಿದ ಅಪ್ಪಂದಿರು. ಇವರಲ್ಲಿ ಕ್ರೈಸ್ತರು ಎಷ್ಟು, ಅಲ್ಲದವರು ಎಷ್ಟು ಎಂದು ನೋಡಿ ಹೇಳಲಾಗದು. ತುಳುವಿನಲ್ಲಿ ಹರಕೆ ಹೇಳಿಕೊಳ್ಳುವವರ ಸಾಲು ಕೊಂಕಣಿಯವರ ಸಾಲಿಗಿಂತ ಚಿಕ್ಕದೇನೂ ಅಲ್ಲ. ಆ ನೂಕಿನಲ್ಲಿ ಕುರ್ಚಿ ಎತ್ತಿಕೊಂಡು ಹೋಗುವುದು ಹೇಗೆ ಎಂದು ನಾವು ಚಿಂತೆ ಮಾಡುತ್ತಿದ್ದಾಗ ಮುಂದೆ ನಡೆಯುತ್ತಿದ್ದ ಒಬ್ಬಾಕೆ ತಿರುಗಿ ನೋಡಿ, “ಸಾದಿ ಬುಡ್ಲೆ, ಸಾದಿ ಬುಡ್ಲೆ” ಎಂದು ಕೂಗುತ್ತ ದಾರಿ ಮಾಡಿಕೊಟ್ಟರು. ಇಗರ್ಜಿಯ ಅಂಗಳದವರೆಗೂ ಕೂಗುತ್ತಲೇ ಬಂದರು. ನೆರಳಿನ ಒಂದು ಜಾಗ ತೋರಿಸಿ, “ಬಾಯಿ, ಮುಲ್ಪ ಕುಲ್ಲುಲೆ” ಎಂದು ಹೇಳಿ ಜನರಲ್ಲಿ ಸೇರಿಹೋದರು. ಬಾಯಿ ಅವರ ಬೆನ್ನಿಗೆ “ದೇವ್ ಬರೆಂ ಕರುಂ”, ದೇವರು ಒಳ್ಳೆಯದು ಮಾಡಲಿ, ಎಂದರು.

ಬಲಿಪೂಜೆ ಶುರುವಾಯಿತು. ಅನೇಕ ಕಡೆ ಮುಂದಿನ ಸಾಲು ಗಣ್ಯರಿಗೆ. ಇಲ್ಲಿ ಮುಂದಿನ ಸಾಲುಗಳಲ್ಲಿ ಗಾಲಿಕುರ್ಚಿಗಳು, ಊರುಗೋಲುಗಳು, ಅಮ್ಮನ ತೊಡೆಯ ಮೇಲೆ ತಲೆ ನಿಲ್ಲದ ಹದಿನೈದರ ಹುಡುಗ, ಮೂಗಿಗೆ ನಳಿಗೆ ಹಾಕಿಕೊಂಡ ಮುದುಕ. ಸಂತ ಲಾರೆನ್ಸರನ್ನು ಬಲ್ಲವರಿಗೆ ಇದರಲ್ಲಿ ಆಶ್ಚರ್ಯವಿಲ್ಲ. ಅವರು ಮೂರನೆಯ ಶತಮಾನದ ರೋಮಿನಲ್ಲಿ ಡೀಕನ್ ಆಗಿದ್ದವರು. ಧರ್ಮಸಭೆಯ ಹಣಕಾಸು, ಬಡವರಿಗೆ ಹಂಚುವ ಕೆಲಸ ಅವರ ಕೈಯಲ್ಲಿತ್ತು. ಕ್ರಿ.ಶ. 258ರಲ್ಲಿ ಸಾಮ್ರಾಟ ವಲೇರಿಯನ್ನನ ಕಾಲದಲ್ಲಿ ಪೋಪ್ ಎರಡನೆಯ ಸಿಕ್ಸ್ತನ ತಲೆ ಕಡಿದ ಮೇಲೆ ಅಧಿಕಾರಿ ಲಾರೆನ್ಸರನ್ನು ಕರೆಸಿ, ನಿಮ್ಮ ಭಂಡಾರವನ್ನು ತಂದೊಪ್ಪಿಸು ಎಂದನಂತೆ. ಲಾರೆನ್ಸ್ ಮೂರು ದಿನ ಗಡುವು ಕೇಳಿದರು. ಇದ್ದದ್ದನ್ನೆಲ್ಲ ಹಂಚಿದರು. ಮೂರನೆಯ ದಿನ ಕುಂಟರು, ಕುರುಡರು, ವಿಧವೆಯರು, ಭಿಕ್ಷುಕರನ್ನು ಕರೆದುಕೊಂಡು ಬಂದು, ಧರ್ಮಸಭೆಯ ಭಂಡಾರ ಇದೇ ಎಂದು ತೋರಿಸಿದರು. ನಾಲ್ಕು ದಿನದ ಅಂತರದಲ್ಲಿ ಇಬ್ಬರೂ ಪ್ರಾಣ ಕೊಟ್ಟರು, ಆಗಸ್ಟ್ 6ಕ್ಕೆ ಸಿಕ್ಸ್ತ, 10ಕ್ಕೆ ಲಾರೆನ್ಸ್. ಲಾರೆನ್ಸರನ್ನು ಕಬ್ಬಿಣದ ಜಾಲರಿಯ ಮೇಲೆ ಸುಟ್ಟು ಕೊಂದರೆಂದು ಪರಂಪರೆ ಹೇಳುತ್ತದೆ. ಅವರ ಪ್ರತಿಮೆಗಳ ಕೈಯಲ್ಲಿ ಆ ಜಾಲರಿ ಇರುವುದು ಅದಕ್ಕೇ.

ಆ ದಿನ ಅತ್ತೂರಿನ ಮುಂದಿನ ಸಾಲುಗಳಲ್ಲಿ ಭಂಡಾರ ತುಂಬಿತ್ತು.

ಅಂದಿನ ಶುಭಸಂದೇಶ ಕಪೆರ್ನೌಮಿನ ಲಕ್ವಾ ರೋಗಿಯದ್ದು. ನಾಲ್ವರು ಅವನನ್ನು ಹಾಸಿಗೆ ಸಮೇತ ಹೊತ್ತು ತರುತ್ತಾರೆ. ಯೇಸು ಇದ್ದ ಮನೆಯ ಬಾಗಿಲಲ್ಲಿ ಕಾಲಿಡಲು ಜಾಗವಿಲ್ಲ. ಮೇಲೆ ಹತ್ತಿ ಮಾಡು ಬಿಚ್ಚಿ ಅವನನ್ನು ಇಳಿಸುತ್ತಾರೆ. ಗುರುಗಳು ಪ್ರವಚನದಲ್ಲಿ ಆ ನಾಲ್ವರ ಬಗ್ಗೆಯೇ ಮಾತಾಡಿದರು. ಅವರ ಹೆಸರು ಶುಭಸಂದೇಶದಲ್ಲಿಲ್ಲ. ಅವರು ಏನನ್ನೂ ಬೇಡುವುದಿಲ್ಲ, ಒಂದು ಮಾತೂ ಆಡುವುದಿಲ್ಲ. ಯೇಸು ನೋಡಿದ್ದು ರೋಗಿಯ ವಿಶ್ವಾಸವನ್ನಷ್ಟೇ ಅಲ್ಲ, ಹೊತ್ತು ತಂದವರ ವಿಶ್ವಾಸವನ್ನೂ ಎಂದರು. ನಮ್ಮ ಅಧ್ಯಕ್ಷರು ಪಕ್ಕದಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದರು. ಬೆಳಿಗ್ಗೆ ಕುರ್ಚಿಯ ಒಂದು ಕಾಲು ಹಿಡಿದಿದ್ದ ನನ್ನ ಅಂಗೈಯಲ್ಲಿ ಇನ್ನೂ ಅದರ ಗುರುತಿತ್ತು. ನನಗೂ ಗಂಟಲು ಕಟ್ಟಿತು.

ಬಾಯಿಯ ಮುಖ ನೋಡಿದೆ. ಅವರು ಹುಬ್ಬು ಗಂಟಿಕ್ಕಿ ಏನೋ ಲೆಕ್ಕ ಹಾಕುತ್ತಿದ್ದಂತಿತ್ತು.

ಪರಮಪ್ರಸಾದವನ್ನು ಗುರುಗಳು ಕುರ್ಚಿಯ ಬಳಿಗೇ ತಂದು ಕೊಟ್ಟರು. ಆಮೇಲೆ ಸಾಲಿನುದ್ದಕ್ಕೂ ಒಬ್ಬೊಬ್ಬರ ತಲೆಯ ಮೇಲೂ ಕೈಯಿಟ್ಟು ಪ್ರಾರ್ಥಿಸುತ್ತ ಬಂದರು. ಅವಸರವಿರಲಿಲ್ಲ. ಆ ಹದಿನೈದರ ಹುಡುಗ ಕೈ ತಗಲಿದ್ದೇ ನಕ್ಕ. ಅವನಮ್ಮ ನಗಲಿಲ್ಲ; ಗುರುಗಳ ಕೈ ಹಿಡಿದುಕೊಂಡು ತನ್ನ ತಲೆಯ ಮೇಲೂ ಇಟ್ಟುಕೊಂಡಳು. ದಿನವಿಡೀ ಮಗನನ್ನು ಎತ್ತಿ ಇಳಿಸುವ ಆಕೆಯ ಮಣಿಕಟ್ಟಿಗೆ ಪಟ್ಟಿ ಸುತ್ತಿತ್ತು. ಅಸ್ವಸ್ಥರ ಬಲಿಪೂಜೆಯಲ್ಲಿ ಅಸ್ವಸ್ಥರನ್ನು ನೋಡಿಕೊಳ್ಳುವವರಿಗೂ ಒಂದು ಸಾಲು ಇರಬೇಕು ಎಂದು ನನಗೆ ಆಗ ಅನ್ನಿಸಿತು, ಈಗಲೂ ಅನ್ನಿಸುತ್ತದೆ.

ಹರಕೆಯ ಮೊಂಬತ್ತಿ ಹಚ್ಚುವ ಕಡೆ ಬಾಯಿಯನ್ನು ಕರೆದೊಯ್ದೆವು. ನೂರಾರು ಬತ್ತಿಗಳ ಝಳಕ್ಕೆ ಹತ್ತಿರ ನಿಲ್ಲಲಾಗದು. ಕರಗಿದ ಮೇಣ ಹೊಳೆಯಾಗಿ ಹರಿದು ಅಂಚಿನಲ್ಲಿ ಹೆಪ್ಪುಗಟ್ಟಿತ್ತು. ಬಾಯಿ ಸೊಂಟದ ಚೀಲದಿಂದ ಮಡಚಿ ಮಡಚಿ ಹಾಳೆಯಂತಾಗಿದ್ದ ನೋಟು ತೆಗೆದು ಮೂರು ಬತ್ತಿ ತರಿಸಿದರು. ಒಂದು ಮಗನ ಹೆಸರಿನಲ್ಲಿ. ಅದೇ ಹಳೆಯ ಹರಕೆ. ಅವನು ಆಸ್ಪತ್ರೆಯಲ್ಲಿದ್ದಾಗ ಹೇಳಿಕೊಂಡದ್ದು. ಮಗ ಉಳಿಯಲಿಲ್ಲವಲ್ಲ ಬಾಯಿ, ಎಂದು ನನ್ನ ಬಾಯಿಗೆ ಬಂತು; ನುಂಗಿಕೊಂಡೆ. ಅವರಿಗೆ ಕೇಳಿಸಿತೋ ಏನೋ. “ಕೊಟ್ಟ ಮಾತು ಕೊಟ್ಟದ್ದೇ, ಪುತಾ” ಎಂದರು. ಎರಡನೆಯದನ್ನೂ ಮೂರನೆಯದನ್ನೂ ನನ್ನ ಕೈಗೂ ನನ್ನ ಜೊತೆಗಾರರ ಕೈಗೂ ಕೊಟ್ಟು, “ಇದು ನಿಮಗೆ. ನಿಮ್ಮ ಮನೆಯ ಕಷ್ಟ ನನಗೆ ಗೊತ್ತುಂಟು, ನೀವು ಹೇಳುವುದಿಲ್ಲ ಅಷ್ಟೆ” ಎಂದರು. ಎರಡು ವರ್ಷ ಪ್ರತಿ ವಾರ ಅವರ ಮನೆಗೆ ಹೋಗಿ ಹೇಗಿದ್ದೀರಿ ಎಂದು ಕೇಳಿದವರು ನಾವು. ನಮ್ಮ ಮುಖ ನೋಡಿ ಅವರು ನಮ್ಮನ್ನೂ ಅಷ್ಟೇ ಓದಿಕೊಂಡಿದ್ದರು.

ಪುಷ್ಕರಿಣಿಯ ನೀರನ್ನು ಬಾಟಲಿಯಲ್ಲಿ ತಂದುಕೊಟ್ಟೆ. ಅಂಗೈ ಬಟ್ಟಲು ಮಾಡಿ ನೀರು ಹಿಡಿದು ಮೊದಲು ಕಣ್ಣಿಗೆ, ಆಮೇಲೆ ಸೊಂಟಕ್ಕೆ ಸವರಿಕೊಂಡರು. ಉಳಿದದ್ದನ್ನು ಚೆಲ್ಲಲಿಲ್ಲ, ಕೆಂಪು ಕುರ್ಚಿಯ ಕಾಲ ಬುಡದಲ್ಲಿದ್ದ ಒಣಗಿದ ಗಿಡಕ್ಕೆ ಬಿಟ್ಟರು.

ಬರುವಾಗ ಬಸ್ಸಿನಲ್ಲಿ ಎಲ್ಲರೂ ದಣಿದಿದ್ದರು. ಸಾನ್ನಾಂ ಖಾಲಿಯಾಗಿತ್ತು. ನಿಟ್ಟೆ ದಾಟಿದ ಮೇಲೆ ಬಾಯಿ ನನ್ನ ತೋಳು ತಟ್ಟಿದರು.

“ಗುರುಗಳು ಎಲ್ಲ ಹೇಳಿದರು. ಒಂದು ಹೇಳಲಿಲ್ಲ.”

“ಏನು ಬಾಯಿ?”

“ಆ ಮನೆಯ ಮಾಡು ಆಮೇಲೆ ಯಾರು ಸರಿ ಮಾಡಿಸಿದರು?”

ಶುಭಸಂದೇಶದಲ್ಲಿ ಇದಕ್ಕೆ ಉತ್ತರವಿಲ್ಲ. ಎಷ್ಟು ಸಲ ಕೇಳಿದ್ದೇನೆ ಆ ವಾಚನವನ್ನು. ಹೊತ್ತವರನ್ನು ನೋಡಿದ್ದೆ, ರೋಗಿಯನ್ನು ನೋಡಿದ್ದೆ, ಬಿಚ್ಚಿದ ಮಾಡಿನ ಕೆಳಗೆ ಆ ರಾತ್ರಿ ಮಲಗಿದವರನ್ನು ನೋಡಿರಲಿಲ್ಲ. ಬಾಯಿ ನೋಡಿದ್ದರು. ಏಕೆಂದರೆ ಅವರು ಮಲಗುತ್ತಿದ್ದುದು ಅಂಥ ಮಾಡಿನ ಕೆಳಗೆ. ಅದರ ಹಿಂದಿನ ಮಳೆಗಾಲದಲ್ಲಿ ಅವರ ಮಂಚದ ಪಕ್ಕ ಎರಡು ಅಲ್ಯೂಮಿನಿಯಂ ಪಾತ್ರೆ ಇಟ್ಟಿದ್ದನ್ನು ನಾನೂ ಕಂಡಿದ್ದೆ, ಅಕ್ಕಿಯ ಚೀಲ ಒದ್ದೆಯಾಗದ ಕಡೆ ಇಟ್ಟು ಬಂದಿದ್ದೆ. ಹಂಚಿನ ಮಾತು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಆ ದಿನ ಬಸ್ಸಿನಲ್ಲೂ ಅವರು ಕೇಳಿದ್ದು ಕಪೆರ್ನೌಮಿನ ಮನೆಯ ಬಗ್ಗೆಯೇ. ತಮ್ಮ ಮನೆಯ ಹೆಸರು ಅವರ ನಾಲಿಗೆಗೆ ಬರಲಿಲ್ಲ.

ಮುಂದಿನ ಸಭೆಯಲ್ಲಿ ನಾನು ಇದನ್ನು ಹೇಳಿದೆ. ಏಪ್ರಿಲ್‌ನಲ್ಲಿ, ಮಳೆಗೆ ಮುಂಚೆ, ಎರಡು ಶನಿವಾರ ಏಣಿ ಇಟ್ಟು ಮಾಡು ಹತ್ತಿದೆವು. ಗೆದ್ದಲು ತಿಂದಿದ್ದ ನಾಲ್ಕು ಪಕ್ಕಾಸು ತೆಗೆದು ಬೇರೆ ಹಾಕಿದೆವು, ರೀಪು ಬಡಿದೆವು, ಒಡೆದ ಹಂಚು ಬದಲಾಯಿಸಿದೆವು. ಎಲೆಕ್ಟ್ರಿಷಿಯನ್ ಮಿತ್ರರು ಬಲ್ಬಿನ ಸ್ವಿಚ್ಚನ್ನು ಮಂಚದಿಂದ ಕೈಗೆಟಕುವಂತೆ ಇಳಿಸಿದರು. ಬಾಯಿ ಕೆಂಪು ಕುರ್ಚಿಯಲ್ಲಿ ಅಂಗಳದಲ್ಲಿ ಕೂತು ಮೇಲೆ ನೋಡುತ್ತ, ಬಲಕ್ಕೆ, ಇನ್ನೂ ಬಲಕ್ಕೆ ಎಂದು ಹೇಳುತ್ತಿದ್ದರು. ಅತ್ತೂರಿನಿಂದ ಬಂದ ಮೇಲೆ ಆ ಕುರ್ಚಿಯನ್ನು ಸಭಾಭವನಕ್ಕೆ ಹಿಂದಿರುಗಿಸಲಿಲ್ಲ, ಗುರುಗಳೇ ಬೇಡವೆಂದರು.

ಬರುವ ಜನವರಿಗೂ ನಮ್ಮ ಬಸ್ಸು ಹೊರಡುತ್ತದೆ. ನಿಮ್ಮ ಊರಿನಿಂದಲೂ ಅತ್ತೂರಿಗೋ ಬೇರೊಂದು ಕ್ಷೇತ್ರಕ್ಕೋ ಬಸ್ಸು ಹೊರಡುತ್ತಿರಬಹುದು, ಅದು ಯಾವ ಧರ್ಮದವರದ್ದೇ ಆಗಲಿ. ಹೊರಡುವ ಎರಡು ತಿಂಗಳು ಮೊದಲೇ, ಹೊಸ್ತಿಲು ದಾಟಲಾಗದೆ ಮನೆಯಲ್ಲೇ ಇರುವ ಒಬ್ಬರನ್ನು ಕೇಳಿ: ಬರುತ್ತೀರಾ ಎಂದು. ಮುಂದಿನ ಸೀಟು ಅವರಿಗೆ ಕಾದಿರಿಸಿ, ಕಿಟಕಿಯ ಬದಿಯದ್ದನ್ನು. ಕರೆಯಲು ಹೋದಾಗ ಅವರ ಮನೆಯ ಮಾಡನ್ನೂ ಒಮ್ಮೆ ತಲೆಯೆತ್ತಿ ನೋಡಿ ಬನ್ನಿ.